ಅಮ್ಮಿಯ ಮೊದಲನೇ ನೆಗೆಟಿವ್

ಜುಬೇದಾ, ಅಮ್ಮಿಯ ಮೊದಲನೇ ನೆಗೆಟಿವನ್ನು ನಾನು ಎಸೆದಿರಲಿಲ್ಲ. ಆರು ವರ್ಷದಿಂದ ಅದು ಹಲಸೂರಿನ ನಮ್ಮ ಮನೆಯ ಬೀರುವಿನಲ್ಲಿ, ನನ್ನ ಸೀರೆಗಳ ಕೆಳಗೇ ಇದೆ. ಎರಡನೇದು ಕೆಟ್ಟದ್ದೂ ನಿನ್ನ ಕೈಯಿಂದಲ್ಲ — ನನ್ನಿಂದ.

ಆ ದಿನ ನಿನಗೂ ನೆನಪಿರಬೇಕು. ಯಾರ ಮೊಬೈಲಿಗೂ ಮುಖ ಕೊಡದ ನಿನ್ನ ತಾಯಿ, ಮಗಳು ಕಲಿತ ವಿದ್ಯೆ ನೋಡಬೇಕೆಂದು ಶಿವಾಜಿನಗರದಿಂದ ಆಟೋದಲ್ಲಿ ಬಂದು ನಮ್ಮ ಮಹಡಿ ಹತ್ತಿದರು. ಕಾಯಿಲೆ ಆಗಲೇ ಅವರನ್ನು ಅರ್ಧ ಮಾಡಿತ್ತು. ಕಪ್ಪು ಬುರ್ಖಾ, ತಲೆಗೆ ಬಿಳಿ ದುಪಟ್ಟಾ. "ಏ ಹುಡ್ಗೀರಾ, ನಗ್ಬೇಕಾ ಬೇಡ್ವಾ, ಬೇಗ ಹೇಳ್ರೇ" ಎನ್ನುತ್ತಲೇ ನಕ್ಕುಬಿಟ್ಟರು. ಅದು ಮೊದಲನೇದು, ಪರೀಕ್ಷೆಗೆಂದು ತೆಗೆದದ್ದು. ಎರಡನೇದಕ್ಕೆ ಗಂಭೀರವಾಗಿ ಕೂತರು.

ಉಪ್ಪು, ಬೆಳ್ಳಿ ಸವರಿದ ಕಾಗದದ ಮೇಲೆ ಬಿಸಿಲಿನಲ್ಲಿ ಪ್ರಿಂಟ್ ತೆಗೆಯುವ ಹಳೆಯ ವಿಧಾನ ನಮ್ಮದು. ಅದಕ್ಕೆ ನೆಗೆಟಿವಿನ ಅತಿ ದಟ್ಟ ಜಾಗಕ್ಕೂ ಅತಿ ತೆಳು ಜಾಗಕ್ಕೂ ದೊಡ್ಡ ಅಂತರವಿರಬೇಕು, ಒಂದು ಪಾಯಿಂಟ್ ಎಂಟಾದರೂ. ಅಳೆಯುವವಳು ನಾನು. ಒಂಬತ್ತು ನಿಮಿಷ ಡೆವಲಪ್ ಮಾಡಿದ ಮೊದಲನೇದನ್ನು ಅಳೆಯಲು ಕೂತೆ. ನೆಗೆಟಿವಿನಲ್ಲಿ ಬಿಳಿಯೇ ದಟ್ಟ, ಅಂದರೆ ದುಪಟ್ಟಾ — ಅಲ್ಲಿ ದಟ್ಟತೆ ಅಳೆಯುವ ಮೀಟರನ್ನು ಸರಿಯಾಗಿಯೇ ಇಟ್ಟೆ. ತೆಳು ಜಾಗಕ್ಕೆ ಬುರ್ಖಾದ ಮಡಿಕೆಯ ಮೇಲಿಡಬೇಕಿತ್ತು. ಇಟ್ಟಿದ್ದು ಚಿತ್ರವೇ ಇಲ್ಲದ, ಫಿಲ್ಮಿನ ಖಾಲಿ ಅಂಚಿನ ಮೇಲೆ! ಅದು ಮಡಿಕೆಗಿಂತಲೂ ತೆಳು, ಅಂತರ ಇದ್ದದ್ದಕ್ಕಿಂತ ದೊಡ್ಡದಾಗಿ ಕಂಡಿತು. ಸಾಲದ್ದಕ್ಕೆ ನೋಟ್‌ಬುಕ್ಕಿನಲ್ಲಿ 'ಅಂಚು' ಎಂದು ಬರೆದೂ ಇಟ್ಟೆ.

"ಒನ್ ಪಾಯಿಂಟ್ ಎಯ್ಟ್ ಬಂತು ಕಣೇ. ಇದಕ್ಕೆ ಕೊಟ್ಟ ಒಂಬತ್ ನಿಮಿಷಾನೇ ಅದಕ್ಕೂ ಸಾಕು" ಎಂದೆ. ನೀನು ನನ್ನ ಮಾತು ನಂಬಿ, ಗಡಿಯಾರದಿಂದ ಕಣ್ಣು ತೆಗೆಯದೆ, ಒಂಬತ್ತೇ ನಿಮಿಷಕ್ಕೆ ಡೆವಲಪ್ ಮಾಡಿದೆ.

ಎರಡನೇದರ ಪ್ರಿಂಟಿನಲ್ಲಿ ಅಮ್ಮಿಯ ಮುಖ ನೀರು ಜಾಸ್ತಿಯಾದ ಚಹಾದ ಹಾಗೆ ಪೇಲವವಾಗಿತ್ತು. ನಾನು ಒಳಗೆ ಹೋಗಿ ಮೊದಲನೇದನ್ನು ಮತ್ತೆ ಅಳೆದೆ, ಈ ಸಲ ಮಡಿಕೆಯ ಮೇಲೆ. ಒಂದು ಪಾಯಿಂಟ್ ನಾಲ್ಕೇ — ಅಂತರ ಹೆಚ್ಚಲು ಎರಡನೇದಕ್ಕೆ ಇನ್ನಷ್ಟು ನಿಮಿಷ ಕೊಡಬೇಕಿತ್ತು. ಹೊರಗೆ ಬಂದು ನಿನಗೆ ಹೇಳಿದ್ದೇನು? "ಡೆವಲಪ್ ಮಾಡೋವಾಗ ನೀನು ಟ್ರೇ ಸರಿಯಾಗಿ ಅಲ್ಲಾಡ್ಸಿಲ್ಲ ಅನ್ಸತ್ತೆ ಕಣೇ."

ಯಾಕೆ ಹಾಗಂದೆ — ನಿನಗೆ ಅಳೆಯಲು ಕಲಿಸಿದವಳು ನಾನು ಎಂಬ ಜಂಬ, ಅಷ್ಟೇ. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಎರಡು ತಿಂಗಳಿಗೆ ಅಮ್ಮಿ ಹೋದರು. ಮಣ್ಣು ಮಾಡಿದ ಮೂರನೇ ದಿನ ನೀನು ಬಂದು, "ಸರಳಾ, ಆ ನಕ್ಕಿದ್ದು... ಮೊದಲ್ನೇದು... ಇದ್ಯಾ?" ಎಂದು ಕೇಳಿದೆ. ಕೊಟ್ಟರೆ ನೀನೇ ಅಳೆಯುತ್ತೀಯ, ನನ್ನ ತಪ್ಪು ಬಯಲಾಗುತ್ತದೆ...

"ಎಸ್ದೆ" ಎಂದೆ.

ನೀನು ಅಳಲಿಲ್ಲ. "ನನ್ ಕೈಯಲ್ಲೇ ಅಮ್ಮಿ ಹಾಳಾದ್ರು" ಎಂದು ನನ್ನ ಮೇಜಿನ ಕತ್ತರಿ ತೆಗೆದುಕೊಂಡು ಎರಡನೇ ನೆಗೆಟಿವನ್ನು ಕತ್ತರಿಸಿಬಿಟ್ಟೆ. ಅದು ಹಾಳಾಗಿರಲಿಲ್ಲ, ಜುಬೇದಾ! ಮಾಮೂಲಿ ಫೋಟೊ ಕಾಗದದಲ್ಲಿ ಚೆನ್ನಾಗಿಯೇ ಬರುತ್ತಿತ್ತು. ನನಗದು ಗೊತ್ತಿತ್ತು. ಒಂದು ಕೈ ಚಾಚಿ ತಡೆಯಬಹುದಿತ್ತು — ತಡೆಯಲಿಲ್ಲ.

ಈಗ ನೀನು ಮಾರತ್ತಹಳ್ಳಿಯ ಕನ್ನಡಕದ ಅಂಗಡಿಯಲ್ಲಿದ್ದೀಯಂತೆ, ಕ್ಯಾಮೆರಾ ಮುಟ್ಟುವುದೇ ಇಲ್ಲವಂತೆ. ಇದೆಲ್ಲ ನನ್ನ ಕಿವಿಗೆ ಬೀಳುತ್ತಲೇ ಇತ್ತು. ಆದರೂ ಇಷ್ಟು ವರ್ಷ ಸುಮ್ಮನೇ ಇದ್ದೆನಲ್ಲ...

ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಆ ನೋಟ್‌ಬುಕ್ಕನ್ನೂ ತರುತ್ತೇನೆ, 'ಅಂಚು' ಎಂದು ಬರೆದ ಪುಟ ನೀನೇ ನೋಡು. ಕ್ಷಮಿಸು ಎಂದು ಕೇಳುವುದಿಲ್ಲ. ಒಳಗೆ ಕರೆಯದಿದ್ದರೂ ಸರಿ, ಬಾಗಿಲಲ್ಲೇ ನಿಂತು ಅಮ್ಮಿಯನ್ನು ನಿನ್ನ ಕೈಗೆ ಕೊಡುತ್ತೇನೆ. ಈ ಆರು ವರ್ಷದಲ್ಲಿ ನಾನದನ್ನು ಒಂದು ಸಲವೂ ಪ್ರಿಂಟ್ ಮಾಡಿಲ್ಲ. ಅವರು ನಕ್ಕಿದ್ದು ನಿನ್ನನ್ನು ನೋಡಿ — ಅದನ್ನು ನೀನೇ ಪ್ರಿಂಟ್ ಮಾಡಬೇಕು.