ಸಂಗಪ್ಪ ಕಾಕಾನ ಫರಂಗಿ ಗೋಡೆ

ಹಲ್ಲು ಕೀಳಿಸಿಕೊಳ್ಳಲು ಹೋದವನಿಗೆ ಎದುರಿನ ಕ್ಯಾಲೆಂಡರು ನೋಡುವುದನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಮೊನ್ನೆ ಹಾಗೆ ಬಾಯಿ ತೆರೆದುಕೊಂಡು ಕೂತಾಗ ಗೋಡೆಯ ಮೇಲೆ ಫ್ರಾನ್ಸ್ ದೇಶದ ಯಾವುದೋ ಕೋಟೆಯ ಚಿತ್ರ ಕಂಡಿತು. ಅರ್ಧ ನಿಂತಿತ್ತು, ಅರ್ಧ ಬಿದ್ದಿತ್ತು, ಥೇಟು ನನ್ನ ದವಡೆ. ನನಗದು ಪರದೇಶ ಅನ್ನಿಸಲಿಲ್ಲ. ದೂರದ ಬೀಗರ ಮನೆ ಕಂಡಂತಾಯಿತು.

ಯಾಕೆ ಅನ್ನುತ್ತೀರಿ? ನಮ್ಮ ಕೊಪ್ಪಳದ ಕೋಟೆಗೂ ಫ್ರೆಂಚರ ಕೈ ತಾಗಿದೆ. ಮೈಸೂರಿನ ಸುಲ್ತಾನ ಅವರ ಇಂಜಿನಿಯರುಗಳನ್ನು ಕರೆಸಿ ಅದನ್ನು ಬಲಪಡಿಸಿದನಂತೆ. ನಾನು ಹೇಳುವ ಮೂವತ್ತರ ದಶಕದ ಹೊತ್ತಿಗೆ ಅದು ನಿಜಾಮರ ಪಾಲಾಗಿ ಎಷ್ಟೋ ಕಾಲವಾಗಿತ್ತು. ಬಂಡೆಗಳ ನಡುವೆ ಕೆಲವು ಗೋಡೆಗಳು ಗತ್ತಿನಿಂದ ನಿಂತಿದ್ದವು. ಕುಸಿದವುಗಳ ಕಲ್ಲುಗಳು ಬೆಟ್ಟ ಇಳಿದು ಬಂದು, ಓಣಿಗಳಲ್ಲಿ ಅರಿವೆ ಒಗೆಯುವ ಕಲ್ಲಾಗಿ, ಕೂಡುವ ಕಟ್ಟೆಯಾಗಿ, ನೆಮ್ಮದಿಯಿಂದ ನಿವೃತ್ತಿ ಅನುಭವಿಸುತ್ತಿದ್ದವು.

ಬೆಟ್ಟದ ಬುಡದ ಊರಿಗೆ ಸಾಲಿ ಮಾಸ್ತರನಾಗಿ ಬಂದ ನಾನು ಸಂಗಪ್ಪ ಕಾಕಾನ ಮನೆಯಲ್ಲಿದ್ದೆ. ಕಾಕಾ ಒಕ್ಕಲುತನದವನು. ಆದರೆ ಸಂಜೆಯಾದರೆ ಊರಬಾಗಿಲಾದ ಅಗಸಿಯ ಕಟ್ಟೆಯ ಮೇಲೆ ಕೂತು ಫರಂಗಿಯವರ, ಅಂದರೆ ಆ ಫ್ರೆಂಚರ, ವಕೀಲನಾಗುತ್ತಿದ್ದ.

“ವೈರಿ ಬಾಗಲಾ ಮುರದು ಒಳಗ ಬಂದ ಅಂತ ತಿಳ್ಕೊಳ್ರಿ. ಎದುರಿಗೆ ಏನೈತಿ? ಗ್ವಾಡಿ! ಹೊರಳಬೇಕು. ಹೊರಳಿದ್ರ ಮತ್ತ ಗ್ವಾಡಿ! ಆನಿ ಓಡಿಬಂದು ಗುದ್ದಾಕ ಜಾಗಾನ ಇಲ್ಲ. ಅದು ಫರಂಗಿಯವರ ತಲಿ!”

ಮಾತಿಗೆ ನಿಂತಿದ್ದರೆ ಚಿಂತೆಯಿರಲಿಲ್ಲ. ಮನೆ ರಿಪೇರಿ ಮಾಡಿಸುವಾಗ ಕಾಕಾ ಕೋಟೆಯಿಂದ ಬಿದ್ದ ಕಲ್ಲುಗಳನ್ನು ಚಕ್ಕಡಿಯಲ್ಲಿ ಹೇರಿ ತಂದು, ತಲಬಾಗಿಲ ಒಳಗೆ ಎದುರಿಗೇ ಅಡ್ಡಲಾಗಿ ಒಂದು ಗೋಡೆ ಎಬ್ಬಿಸಿಬಿಟ್ಟ. ಒಳಗೆ ಹೋಗಬೇಕಾದರೆ ಯಾರೇ ಆಗಲಿ ಎಡಕ್ಕೆ ಹೊರಳಬೇಕು.

“ನಮ್ಮ ಮನಿಗೆ ಯಾವ ವೈರಿ ಬರ್ತಾನ್ರಿ?” ಎಂದಳು ಕಾಕಾನ ಹೆಂಡತಿ ಚಿಗವ್ವ. “ನಿಮ್ಮ ತಂಗಿ ಗಂಡ ಒಬ್ಬ ಬರ್ತಾನ. ಅವಗೂ ಉಣ್ಣಾಕ ಹಾಕೇ ಕಳಸ್ತೀವಿ.”

ಕೋಟೆಯ ಮೊದಲ ಗಾಯಾಳು ನಾನೇ. ಹಣೆ ಉಜ್ಜಿಕೊಳ್ಳುತ್ತಿದ್ದವನನ್ನು ನೋಡಿ ಕಾಕಾ ಹಿಗ್ಗಿದ. “ನೋಡಿದೇನು? ಕೆಲಸ ಮಾಡಾಕತ್ತೈತಿ!”

ನಮ್ಮ ಕಡೆ ದನಗಳೂ ಮನುಷ್ಯರೂ ಒಂದೇ ಬಾಗಿಲಿನವರು. ಕಾಕಾನ ಬಿಳಿ ಎತ್ತು ನನಗಿಂತ ಜಾಣ. ಎರಡೇ ದಿನದಲ್ಲಿ ಕತ್ತು ವಾರೆ ಮಾಡಿ ಕೊಂಬು ತಪ್ಪಿಸಿಕೊಂಡು ಹೊರಳುವುದನ್ನು ಕಲಿತುಕೊಂಡಿತು.

ಎತ್ತುಗಳ ಹಬ್ಬ ಕಾರಹುಣ್ಣಿಮೆ ಬಂತು. ಅಂದು ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ, ಅದೇ ಕರಿ. ಓಡಿ ಬಂದು ಅದನ್ನು ಮೊದಲು ಹರಿದ ಎತ್ತು ವರ್ಷವಿಡೀ ಊರಿಗೆ ದೊಡ್ಡದು. ಹಿಂದಿನ ಎರಡು ಸಲವೂ ಪಕ್ಕದ ಮನೆಯ ಬಸಣ್ಣನ ಕೆಂದೆತ್ತು ಹರಿದಿತ್ತು. ಕಾಕಾ ಈ ಸಲ ಹತ್ತು ಮಂದಿಯೆದುರು ಘೋಷಿಸಿದ್ದ: “ನನ್ನ ಎತ್ತು ಕರಿ ಹರೀಲಿಲ್ಲಂದ್ರ ನಾನು ಈ ಕಟ್ಟಿ ಮ್ಯಾಲೆ ಮತ್ತ ಕೂಡಂಗಿಲ್ಲ.” ಕಟ್ಟೆಯಿಲ್ಲದ ಕಾಕಾನನ್ನು ಊಹಿಸಿಕೊಳ್ಳಿ; ನೀರಿನಿಂದ ತೆಗೆದ ಮೀನು.

ಎತ್ತಿನ ಮೈ ತೊಳೆದು, ಬಣ್ಣ ಬಳಿದು, ಕೊಂಬಿನ ತುದಿಗೆ ಹಿತ್ತಾಳೆಯ ಉದ್ದನೆಯ ಕೋಡಣಸು ಬಡಿದು ಕೂಡಿಸಿದೆವು. ಹೊರಗೆ ಹಲಗೆ ಬಾರಿಸತೊಡಗಿದರು. ಎತ್ತು ಬಾಗಿಲಿಗೆ ಬಂದು ರೂಢಿಯಂತೆ ಕತ್ತು ವಾರೆ ಮಾಡಿತು. ಕೊಂಬು ಗೇಣುದ್ದ ಬೆಳೆದದ್ದು ಅದಕ್ಕೇನು ಗೊತ್ತು? ಕೋಡಣಸು ಫರಂಗಿ ಕಲ್ಲುಗಳ ಸಂದಿನಲ್ಲಿ ಸಿಕ್ಕಿಕೊಂಡಿತು. ಕಾಕಾ ಹಗ್ಗ ಜಗ್ಗಿದ, ನಾನು ವಿದ್ಯಾವಂತನಾದ್ದರಿಂದ ಬಾಲ ಹಿಡಿದೆ. ಎತ್ತು ಮಾತ್ರ ಕದಲಲಿಲ್ಲ.

“ಗ್ವಾಡಿ ಕೆಡವ್ರಿ,” ಎಂದಳು ಚಿಗವ್ವ.

“ಹುಚ್ಚಿ, ಇದು ಕಿಲ್ಲಾದ ಲೆಕ್ಕದ ಗ್ವಾಡಿ!”

ಅಷ್ಟರಲ್ಲಿ ಬಸಣ್ಣನೇ ಹಾರೆ ಹಿಡಿದು ಬಂದ. “ಸಂಗಪ್ಪಣ್ಣ, ಹೊರಗ ಎಲ್ಲಾರೂ ಕಾಯಾಕತ್ತಾರ. ನಿನ್ನ ಎತ್ತು ಇಲ್ಲದ ನಾ ಗೆದ್ರ ಅದೇನು ಗೆಲುವೇನೋ ಮಾರಾಯಾ? ಸರಿ ಅತ್ತಾಗ, ನಾ ಕೆಡವ್ತೀನಿ.”

ಕಾಕಾ ಗೋಡೆ ನೋಡಿದ, ಎತ್ತು ನೋಡಿದ, ಹಾರೆ ಕಸಿದುಕೊಂಡ. “ಕೊಡೋ ಇಲ್ಲಿ! ನನ್ನ ಕಿಲ್ಲಾ ವೈರಿ ಕೈಯಾಗ ಬೀಳಬಾರದು. ನಾನೇ ಕೆಡವ್ತೀನಿ.”

ನಾಲ್ಕು ಏಟಿಗೆ ಗೋಡೆ ಧಡಾರನೆ ಬಿತ್ತು. ಆ ಸದ್ದಿಗೆ ಬೆದರಿದ ಎತ್ತು ಕಾಕಾನ ಕೈಯ ಹಗ್ಗ ಕಿತ್ತುಕೊಂಡು, ಯಾರ ಅಪ್ಪಣೆಗೂ ಕಾಯದೆ ನೇರ ಅಗಸಿಗೆ ಓಡಿ ಕರಿ ಹರಿದುಕೊಂಡು ಹೊಲದ ಕಡೆ ಹೋಗಿಯೇಬಿಟ್ಟಿತು. ಉಳಿದ ಎತ್ತುಗಳು ಇನ್ನೂ ಹಣೆಗೆ ಅರಿಶಿನದ ಭಂಡಾರ ಹಚ್ಚಿಸಿಕೊಳ್ಳುತ್ತಿದ್ದವು.

ದೊಡ್ಡ ತಕರಾರಾಯಿತು. ಕೊನೆಗೆ ಊರಗೌಡರು, “ಹರದ ಕರಿ ಹರೀತು. ಎರಡನೇ ಸಲ ಕಟ್ಟೋ ಪದ್ಧತಿ ಇಲ್ಲ,” ಎಂದು ತೀರ್ಪು ಕೊಟ್ಟರು.

“ಗೆದ್ದದ್ದು ಎತ್ತಲ್ಲ, ಗ್ವಾಡಿ,” ಎಂದು ಗೊಣಗಿದ ಬಸಣ್ಣ, ಕಾಕಾನಿಗೆ ಕಟ್ಟೆಯ ಮೇಲೆ ಸರಿದು ಜಾಗ ಬಿಡುತ್ತ.

ಕಾಕಾ ಕೂತ. ಕೈಯ ಮಣ್ಣು ಕೊಡವಿಕೊಂಡು ಹೇಳಿದ: “ಫರಂಗಿಯವರು ವೈರಿ ಹೆಂಗ ಒಳಗ ಬರಬಾರದು ಅಂತ ಭಾಳ ಛಲೋ ಲೆಕ್ಕ ಹಾಕ್ಯಾರ. ನಮ್ಮ ಎತ್ತು ಹೆಂಗ ಹೊರಗ ಹೋಗಬೇಕು ಅಂತ ಯಾರನ್ನೂ ಕೇಳಿಲ್ಲ.”

ಗೋಡೆಯನ್ನು ಮತ್ತೆ ಕಟ್ಟಲಿಲ್ಲ. ಚಿಗವ್ವ ಮರುದಿನವೇ ಅಲ್ಲಿ ಬೆಳಕಿನಲ್ಲಿ ಕೂತು ಜೋಳ ಹಸನು ಮಾಡುತ್ತ, ಹೋಗುವವರನ್ನೆಲ್ಲ “ಒಳಗ ಬರ್ರಿ” ಎಂದು ಕರೆಯುತ್ತಿದ್ದಳು.

ಹಾಳು ಕೋಟೆ ಕಂಡಾಗ ಜನ ಮರುಗುತ್ತಾರೆ. ಫಿರಂಗಿ ಗುಂಡು ಬಿತ್ತೇನೋ, ವೈರಿ ನುಗ್ಗಿದನೇನೋ ಎಂದು ಕೇಳುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೆ ಮರುಗುತ್ತಿದ್ದವನೇ. ಈಗ ಕೋಟೆಯ ಬಿದ್ದ ಗೋಡೆಯ ಬಳಿ ನಿಂತು ಯೋಚಿಸುತ್ತೇನೆ: ಯಾವುದೋ ಹಬ್ಬದ ದಿನ ಇಲ್ಲಿಂದ ಯಾರ ಮನೆಯ ಎತ್ತು ಹೊರಬಿತ್ತೋ!