ಕಾಶಿನಾಥ ಬಿಟ್ಟ ಚಟಗಳು

ತುಕ್ಕಾನಟ್ಟಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಕಾಶಿನಾಥನಷ್ಟು ಚಟ ಬಿಟ್ಟ ಮನುಷ್ಯ ಮೂಡಲಗಿ ಸೀಮೆಯಲ್ಲೇ ಇನ್ನೊಬ್ಬನಿಲ್ಲ. ಮೊದಲು ಸೆರೆ ಬಿಟ್ಟ. ಮರುವರ್ಷ ಗುಟ್ಕಾ ಬಿಟ್ಟ. ಅದರ ಮರುವರ್ಷ ಇಸ್ಪೀಟು ಬಿಟ್ಟ. ಬಿಡುವುದೆಂದರೆ ಅವನಿಗೆ ನೀರು ಕುಡಿದಷ್ಟು ಸುಲಭ. ಆಗದೆ ಏನು? ಇವುಗಳಲ್ಲಿ ಒಂದನ್ನೂ ಅವನು ಹಿಡಿದಿರಲೇ ಇಲ್ಲ.

ಇದು ಶುರುವಾದದ್ದು ಊರ ಮಠದಲ್ಲಿ. ಶ್ರಾವಣದ ಕೊನೆಯ ಸೋಮವಾರ ಪ್ರವಚನ ಮುಗಿದ ಮೇಲೆ ಮಠದ ಸ್ವಾಮಿಗಳಾದ ಅಜ್ಜಾರು ಹೆಗಲಿಗೆ ಕಾವಿ ಜೋಳಿಗೆ ಹಾಕಿಕೊಂಡು ಮಂದಿಯ ನಡುವೆ ಬರುತ್ತಾರೆ. ಜೋಳ ಕೇಳುವುದಿಲ್ಲ, ದಕ್ಷಿಣೆ ಕೇಳುವುದಿಲ್ಲ. "ನಿನ್ನ ಚಟಾ ಹಾಕಪಾ ಇದರಾಗ" ಎನ್ನುತ್ತಾರೆ. ಕುಡಿಯುವವನು ಖಾಲಿ ಕೈಯನ್ನು ಜೋಳಿಗೆಯೊಳಗೆ ಇಳಿಸಿ, "ಕುಡಿಯೋದು ಹಾಕೇನ್ರಿ ಅಜ್ಜಾರ" ಅಂದರೆ ಇಡೀ ಮಠ ಚಪ್ಪಾಳೆ ತಟ್ಟುತ್ತದೆ, ಕೊರಳಿಗೆ ಹಾರ ಬೀಳುತ್ತದೆ. ಮುಂದಿನ ಶ್ರಾವಣದಲ್ಲಿ ಅದೇ ಮಂದಿಯನ್ನು ಎಬ್ಬಿಸಿ, ವರ್ಷ ಹೇಗೆ ಹೋಯಿತೆಂದು ಎಲ್ಲರೆದುರು ಕೇಳುತ್ತಾರೆ. ಆಗ ಅರ್ಧ ಮಂದಿಗೆ ತಮ್ಮ ಕಾಲುಬೆರಳುಗಳ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟುತ್ತದೆ.

ಮೂರು ವರ್ಷದ ಹಿಂದೆ ಕಾಶಿನಾಥ ಎಂದಿನಂತೆ ಎಲ್ಲರಿಗಿಂತ ಮುಂದೆ ಕೂತಿದ್ದ. ಜೋಳಿಗೆ ನೆಟ್ಟಗೆ ಅವನ ಮುಂದೆಯೇ ಬಂದು ನಿಂತಿತು. ಹಾಕಲು ಅವನ ಬಳಿ ಚಹಾ ಬಿಟ್ಟರೆ ಬೇರೆ ಚಟವಿರಲಿಲ್ಲ, ಚಹಾ ಬಿಡುವ ಮಾತೇ ಇರಲಿಲ್ಲ. ಊರೆಲ್ಲ ನೋಡುತ್ತಿತ್ತು. "ಸೆರೆ" ಎಂದು ಬಾಯಿಗೆ ಬಂದುಬಿಟ್ಟಿತು. ಮಂದಿ ಹೌಹಾರಿದರು. ಇಂಥ ಮರ್ಯಾದಸ್ತ ಮನುಷ್ಯ ಯಾರಿಗೂ ಸುಳಿವು ಕೊಡದೆ ಕುಡಿಯುತ್ತಿದ್ದನೇ! ಆಮೇಲೆ ಬಿದ್ದ ಚಪ್ಪಾಳೆ ಅವನ ಮದುವೆಯಲ್ಲೂ ಬಿದ್ದಿರಲಿಲ್ಲ.

ಮನೆಗೆ ಬಂದ ಕೂಡಲೇ ಹೆಂಡತಿ ಸುಜಾತಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಯಾವಾಗ ಕುಡದ್ರಿ? ನನಗೊಂದ ಮಾತ ಹೇಳಬಾರದೇನ್ರಿ?"

"ಒಳ್ಳೇದಕ್ಕ ಹೇಳೇನಿ ಬಿಡ. ನನ್ನ ನೋಡಿ ನಾಕ ಮಂದಿ ಸುಧಾರಿಸ್ತಾರ."

ಮರುವರ್ಷ ಎದ್ದು ನಿಂತು, ಎದೆಯುಬ್ಬಿಸಿ, "ಒಂದ ಹನಿ ಮುಟ್ಟಿಲ್ಲರಿ ಅಜ್ಜಾರ" ಅಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೊಟ್ಟ ಮಾತನ್ನು ಅವನಷ್ಟು ಚೊಕ್ಕವಾಗಿ ಉಳಿಸಿಕೊಂಡವನು ಊರಲ್ಲೇ ಇರಲಿಲ್ಲ. ರುಚಿ ಹತ್ತಿತು. ಈ ಸಲ ಏನು ಬಿಡುವುದೆಂಬ ಚಿಂತೆ ಆಷಾಢದಲ್ಲೇ ಶುರುವಾಗುತ್ತಿತ್ತು. "ಹೆಂಡ್ತೀನ ಹೊಡಿಯೋದು ಬಿಟ್ಟೇನಿ ಅಂದ್ರ ನೋಡ್ರಿ ಮತ್ತ, ಖರೇನ ಹೊಡದಾಟ ಆಗತೈತಿ" ಎಂದು ಸುಜಾತಾ ಮೊದಲೇ ಹೇಳಿಟ್ಟಳು.

ಅವನನ್ನು ನೋಡಿ ಸುಧಾರಿಸಿದವನೂ ಒಬ್ಬನಿದ್ದ. ಗಿರಣಿಯ ಬಾಜೂ ಪಂಕ್ಚರ್ ಹಾಕುವ ರಾಚಪ್ಪ ಹುಟ್ಟಾ ಕುಡುಕ. "ಕಾಶಿನಾಥಣ್ಣಗ ಆಗೂದು ನನಗ್ಯಾಕ ಆಗೂದಿಲ್ಲ?" ಎಂದು ಹೋದ ಶ್ರಾವಣದಲ್ಲಿ ಜೋಳಿಗೆಗೆ ಕೈ ಹಾಕಿದ್ದ. ಬಯಕೆ ತಡೆಯದಾದಾಗ ಗಿರಣಿಗೆ ಬಂದು ಚೀಲದ ಮೇಲೆ ಕೂರುತ್ತಿದ್ದ.

"ಅಣ್ಣಾ, ನಿಮ್ಮ ಕೈನೂ ಹಿಂಗ ನಡಗತಿದ್ದೂ?"

"ನಡಗತಿದ್ದೂಪಾ" ಎಂದು ಕಾಶಿನಾಥ ಅವನ ಮುಖ ನೋಡದೆ ಗಿರಣಿಗೆ ಜೋಳ ಸುರಿಯುತ್ತಿದ್ದ. ಆಗ ಮಾತ್ರ ಅವನಿಗೆ ತನ್ನ ಬಗ್ಗೆ ಸ್ವಲ್ಪ ಅಸಹ್ಯವಾಗುತ್ತಿತ್ತು.

ಹೀಗಿರುವಾಗ ಮಗಳು ಕಾಜಲ್‌ಗೆ ಸಂಬಂಧ ಬಂತು. ಗೋಕಾಕದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಅವಳಿಗೂ, ಬೆಲ್ಲದ ಬಾಗೇವಾಡಿಯ ಪ್ರಭುವಿಗೂ ಮೊದಲೇ ಒಪ್ಪಿಗೆಯಾಗಿತ್ತು. ಉಳಿದದ್ದು ಹುಡುಗನ ತಾಯಿ ಅಲ್ಲವ್ವ ಬಂದು ಮನೆ ನೋಡುವುದೊಂದೇ. ಅಲ್ಲವ್ವ ಬಸ್ಸಿಳಿದವಳೇ ಚಹಾದಂಗಡಿಯಲ್ಲಿ ಕೂತು ಬೀಗರಾಗುವವರ ಗುಣ ವಿಚಾರಿಸಿದಳು. ಊರವರು ಕಾಶಿನಾಥನನ್ನು ಬಾಯಿತುಂಬ ಹೊಗಳಿದರು.

ಗಿರಣಿಯ ಹಿಂದಿನ ಮನೆಗೆ ಬಂದವಳು ಅವಲಕ್ಕಿಯ ತಟ್ಟೆಯನ್ನು ದೂರ ಸರಿಸಿದಳು.

"ತಪ್ಪ ತಿಳೀಬ್ಯಾಡ್ರಿ. ನಮ್ಮಪ್ಪ ಕುಡಿದ ಸತ್ತಾನ. ಬಿಟ್ಟೇನಿ ಅಂದವರು ಮತ್ತ ಹಿಡದದ್ದ ನಾ ಭಾಳ ನೋಡೇನಿ. ಕುಡಿಯೋರ ಮನಿ ಬೀಗತನ ಬ್ಯಾಡಂತ ಆಣಿ ಮಾಡೇನ್ರಿ."

"ಇವ್ರು ಕುಡದಾ ಇಲ್ಲರಿ ಅಕ್ಕಾರ" ಅಂದಳು ಸುಜಾತಾ.

"ಊರಿಗೆ ಊರ ಹೇಳತೈತೆಲ್ರಿ? ಮಠದಾಗ ಹಾರಾನೂ ಹಾಕ್ಯಾರಂತ."

ಅಡುಗೆಮನೆಯ ಬಾಗಿಲಲ್ಲಿ ಕಾಜಲ್ ತಂದೆಯನ್ನೇ ನೋಡುತ್ತ ನಿಂತಿದ್ದಳು. ತಾನೀಗ ಕುಡಿಯುವುದಿಲ್ಲ ಎನ್ನುವ ಸಾಕ್ಷಿಗೆಂದು ಕಾಶಿನಾಥ ರಾಚಪ್ಪನನ್ನು ಕೂಗಿ ಕರೆದ. ರಾಚಪ್ಪ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಆಚೆಗೇ ನಿಂತ. ವಿಷಯ ತಿಳಿಯುತ್ತಲೇ ಅಣ್ಣನ ಮೇಲಿನ ಪ್ರೀತಿ ಉಕ್ಕಿ ಹರಿಯಿತು.

"ಇವ್ರು ಕುಡಿಯೂದು ನಾ ಕಣ್ಣಾರೆ ನೋಡೇನ್ರಿ ಯವ್ವಾ! ಗಟಾರದಾಗ ಬಿದ್ದಾಗ ನಾನ ಎತ್ತೇನಿ. ಅಂಥಾವ್ರು ಬಿಟ್ಟಾರ ನೋಡ್ರಿ! ಇವ್ರನ್ನ ನೋಡಿ ನಾ ಬಿಟ್ಟೇನಿ."

ಅಲ್ಲವ್ವ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ. ಕಾಶಿನಾಥ ಒಮ್ಮೆ ಮಗಳನ್ನು ನೋಡಿದ, ಒಮ್ಮೆ ರಾಚಪ್ಪನನ್ನು ನೋಡಿದ. ನಿಜ ಹೇಳಿದರೆ ಇವನ ಊರುಗೋಲು ಕಸಿದಂತೆ, ಹೇಳದಿದ್ದರೆ ಮಗಳ ಮದುವೆ ಮುರಿದಂತೆ.

"ಕುಂದರ್ರಿ ಅಕ್ಕಾರ" ಅಂದ. "ನಾ ಸೆರೆ ಮೂಸೂ ನೋಡಿಲ್ಲ. ಗುಟ್ಕಾ ಇಲ್ಲ, ಇಸ್ಪೀಟ ಇಲ್ಲ. ಮಂದಿ ಚಪ್ಪಾಳಿ ಹೊಡೀಲಿ ಅಂತ ಹೇಳಿದ್ದರಿ. ನಂದು ಅದೊಂದ ಚಟಾ."

ಅಲ್ಲವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಗಟಾರದ ಕಥೆ ಕಟ್ಟಿದ ರಾಚಪ್ಪನ ಪೆಚ್ಚು ಮುಖ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕುಡಿಯೋರ ಮನಿ ಬ್ಯಾಡಂತ ಆಣಿ ಮಾಡೇನಿ. ಹುಚ್ಚರ ಮನಿ ಬ್ಯಾಡಂತ ಮಾಡಿಲ್ಲ" ಎಂದು ಕೂತು, ಅವಲಕ್ಕಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಕಾಜಲ್ ಮುಖ ಅರಳಿತು. ಕಾಶಿನಾಥನಿಗೆ ಮಾತ್ರ ಖುಷಿಪಡಲು ಆಗಲಿಲ್ಲ. ರಾಚಪ್ಪ ನಿಂತಲ್ಲಿಂದ ಅಲುಗಾಡಿರಲಿಲ್ಲ.

"ಕೈ ನಡಗತಿದ್ದೂ ಅಂದಿದ್ರಿ ಅಣ್ಣಾ."

"ನಾ ಸುಳ್ಳ ಹೇಳಿದ್ನಪಾ. ನನ್ನ ಏನಾರ ಅನ್ನು. ಆದ್ರ ಮತ್ತ ಕುಡಿಯಾಕ ಹೋಗಬ್ಯಾಡ."

ರಾಚಪ್ಪ ಗಡ್ಡ ಕೆರೆದುಕೊಂಡ.

"ಹಂಗಾರ ನಮ್ಮಿಬ್ಬರಾಗ ಖರೇನ ಬಿಟ್ಟಾಂವ ನಾ ಒಬ್ಬನ ಏನು?"

"ಹೌದಪಾ" ಅಂದ ಕಾಶಿನಾಥ. ಅಷ್ಟು ಹೇಳುವುದು ಅವನಿಗೆ ಬಹಳ ಕಷ್ಟವಾಯಿತು. "ನೀ ಒಬ್ಬನ."

ಆ ಮನೆಯ ಹೊಸ್ತಿಲನ್ನು ಎಂದೂ ದಾಟದಿದ್ದ ರಾಚಪ್ಪ ಒಳಗೆ ಬಂದು, ಕುರ್ಚಿ ಎಳೆದುಕೊಂಡು, ಬೀಗಿತಿಯ ಬಾಜೂ ಕೂತ. "ತಂಗೀ, ನನಗೂ ಒಂದ ಪ್ಲೇಟ ಅವಲಕ್ಕಿ ತಾರವ್ವಾ" ಎಂದು ಕಾಜಲ್‌ಗೆ ಹೇಳಿದ.