ಅಗರಬತ್ತಿ ಹಿಡಿದು ಕ್ಯಾಬಿನೆಟ್ ಆರಿಸಿದ ಅತ್ತೆ

ಅತ್ತೆಯ ಎಡಗೆನ್ನೆ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಅಳುಬುರುಕಿ ಎಂದುಕೊಳ್ಳಬೇಡಿ, ನಮ್ಮ ಮನೆತನದಲ್ಲಿ ಅಳಿಸುವ ಕೆಲಸ ಅವಳದು, ಅಳುವ ಕೆಲಸ ಉಳಿದವರದು. ಸೆರಗಿನ ತುದಿಯನ್ನು ಬಿಂದಿಗೆ ನೀರಿಗೆ ಅದ್ದಿ, ಕೆನ್ನೆಗೆ ಒತ್ತಿಕೊಂಡು, ರೇಷ್ಮೆ ಹುಳು ಸಾಕುವ ಮನೆಯ ಒಂದೊಂದು ಕಿಟಕಿಯ ಮುಂದೂ ಮುಖ ಓರೆ ಮಾಡಿ ನಿಲ್ಲುವಳು. ಒದ್ದೆ ಕೆನ್ನೆ ತಣ್ಣಗಾದರೆ ಗಾಳಿ ಆಡುತ್ತಿದೆ, ಆಗದಿದ್ದರೆ ಇಲ್ಲ. ರೇಷ್ಮೆ ಇಲಾಖೆಯವರು ಕೊಟ್ಟ ಉಷ್ಣಮಾಪಕವೂ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅದು ಸಾಹೇಬರು ಬಂದಾಗ ತೋರಿಸುವುದಕ್ಕೆ.

ಅವಳು ಅಪ್ಪನ ಅಕ್ಕ. ಊರಲ್ಲೇ ಕೊಟ್ಟಿದ್ದರು, ಕ್ಯಾತನಹಳ್ಳಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಮಾವ ತೀರಿಕೊಂಡ ಮೇಲೆ ಸುತ್ತಲಿನವರೆಲ್ಲ ಕಬ್ಬು ಹಾಕು ಎಂದು ಹೇಳಿದರೂ ಕೇಳದೆ ಒಂದು ಎಕರೆಗೆ ಹಿಪ್ಪುನೇರಳೆ ನೆಟ್ಟು ಹುಳು ಸಾಕಿದಳು. ಯಾಕೆ ಎಂದು ಕೇಳಿದರೆ, "ಕಬ್ಬು ವರ್ಸ ಪೂರ್ತಿ ಸುಮ್ಕೆ ನಿಂತಿರ್ತದೆ. ಅದ್ರ ಜೊತೆ ಏನ್ ಮಾತಾಡನ್ಲಾ?" ಎನ್ನುವಳು. ಹುಳುಗಳ ಜೊತೆ ನಿಜಕ್ಕೂ ಮಾತಾಡುತ್ತಿದ್ದಳು, ಹೆಚ್ಚಿನಂಶ ಬೈಗುಳ. ಸೊಪ್ಪು ಹಾಕಲು ಬಂದ ಯಾರೇ ಆದರೂ ಮೊದಲು ಕಿಟಕಿ ತೆಗೆಯಬೇಕಿತ್ತು. "ಮೊದ್ಲು ಉಸ್ರಾಡಾಕೆ ಬುಡು, ಆಮೇಕೆ ಸೊಪ್ಪಾಕು" ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಇನ್ನು ನನ್ನ ವಿಷಯ. ಡಿಗ್ರಿ ಮುಗಿಸಿ ಊರ ಡೇರಿಯಲ್ಲಿ ಬೆಳಗ್ಗೆ ಸಂಜೆ ಹಾಲು ಅಳೆಯುತ್ತಿದ್ದೆ, ಉಳಿದ ಹೊತ್ತು ಕಂಪ್ಯೂಟರ್ ಆಟದಲ್ಲಿ ಬಂದೂಕು ಹಿಡಿಯುತ್ತಿದ್ದೆ. ನಾವು ನಾಲ್ವರ ತಂಡ. ನಾಯಕ ಗಂಜಾಮಿನವನು, ನಿಮಿಷಾಂಬ ದೇವಸ್ಥಾನದ ಹತ್ತಿರ ಅವರದು ಹಣ್ಣುಕಾಯಿ ಅಂಗಡಿ. ಒಬ್ಬ ಕೆ.ಆರ್. ಪೇಟೆಯವನು, ಇನ್ನೊಬ್ಬ ನಾಗಮಂಗಲದವನು. ಒಬ್ಬರ ಮುಖ ಒಬ್ಬರು ನೋಡಿದ್ದು ಕಡಿಮೆ, ಕಿವಿಯಲ್ಲಿ ದನಿ ಕೇಳಿದ್ದೇ ಜಾಸ್ತಿ. ಬೇಸಿಗೆಯಲ್ಲಿ ಮೈಸೂರಿನ ಒಂದು ಪಂದ್ಯಾವಳಿಗೆ ಆಯ್ಕೆಯ ಸುತ್ತು ಇತ್ತು, ಅವರವರ ಮನೆಯಿಂದಲೇ ಆಡುವುದು. ನನ್ನದೋ, ಪಾಂಡವಪುರದ ಸೈಬರ್ ಅಂಗಡಿ ಮುಚ್ಚಿದಾಗ ತಂದ ಹಳೆಯ ಯಂತ್ರ. ಎದುರಾಳಿ ಎದುರಿಗೆ ಬರಬೇಕು, ಇದು ಬಿಸಿಯಾಗಿ ಆಫ್ ಆಗಬೇಕು.

ನಾಯಕ ಒಂದು ಸಂಜೆ ನೇರವಾಗಿ ಹೇಳಿಬಿಟ್ಟ. "ಮಗಾ, ಬೇಜಾರ್ ಮಾಡ್ಕಬ್ಯಾಡ. ಸೆಲೆಕ್ಷನ್ ದಿನ ಇಂಗಾದ್ರೆ ನಾಲ್ಕೂ ಜನ ಮನೆಗೆ. ಅಷ್ಟ್ರೊಳಗೆ ಸರಿ ಮಾಡ್ಕ, ಇಲ್ದಿದ್ರೆ ನಿನ್ ಜಾಗಕ್ಕೆ ಬೇರೆಯವ್ನ ಆಕಂತೀನಿ."

ಆ ಜಾಗ ನನಗೆ ಎಷ್ಟು ದೊಡ್ಡದು ಎಂದು ಅವನಿಗೆ ಗೊತ್ತಿರಲಿಲ್ಲ. ಡೇರಿಯಲ್ಲಿ ನಾನಿಲ್ಲದಿದ್ದರೆ ಇನ್ನೊಬ್ಬ ಹಾಲು ಅಳೆಯುತ್ತಾನೆ. ಮನೆಯಲ್ಲಿ ನಾನಿಲ್ಲದಿದ್ದರೆ ಅಪ್ಪನಿಗೆ ಟಿವಿ ಸರಿಯಾಗಿ ಕೇಳಿಸುತ್ತದೆ. ಆ ತಂಡದಲ್ಲಿ ಮಾತ್ರ ಮೂವರು ನನ್ನನ್ನು ಕಾಯುತ್ತಿದ್ದರು.

ಹೊಸ ಯಂತ್ರ ಕಟ್ಟಲು ಹೊರಟೆ. ಒಂದೊಂದೇ ಭಾಗ ಕೊರಿಯರಿನಲ್ಲಿ ಬರತೊಡಗಿತು. ಆ ದಿನಗಳ ಸಡಗರ ಹೇಳಲಾರೆ! ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಅಪ್ಪನ ಒಗೆದ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೆ. ದಿನಕ್ಕೆ ಮೂರು ಸಲ ತೆಗೆದು ನೋಡಿ ಮತ್ತೆ ಮಲಗಿಸುತ್ತಿದ್ದೆ. ಕೊನೆಗೆ ಉಳಿದದ್ದು ಇವನ್ನೆಲ್ಲ ಕೂರಿಸುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್. ಚಿಕ್ಕದು ತಂದರೆ ಕಾರ್ಡು ಹಿಡಿಸುವುದಿಲ್ಲ. ದೊಡ್ಡದು ತಂದರೆ ಅವ್ವನ ಹಳೆಯ ಹೊಲಿಗೆ ಮೆಷಿನ್ನಿನ ಮೇಜಿನ ಮೇಲೆ ಕೂರುವುದಿಲ್ಲ, ನನಗಿದ್ದದ್ದು ಅದೊಂದೇ ಮೇಜು. ಹಾಗಾಗಿ ಮಧ್ಯಮ ಗಾತ್ರದ್ದೇ ಆಗಬೇಕು, ಅದರಲ್ಲೂ ಒಂದು ನನ್ನ ಮನಸ್ಸು ಕದ್ದಿತ್ತು. ಮುಂದೆ ಗಾಜು, ಪಕ್ಕಕ್ಕೆ ಗಾಜು, ಒಳಗೆ ನವಿಲಿನ ಹಾಗೆ ಬಣ್ಣ ಬದಲಿಸುವ ಫ್ಯಾನುಗಳು. ಅದರ ವಿಡಿಯೋವನ್ನು ಅತ್ತೆಗೆ ತೋರಿಸಿದೆ.

"ಮೀನಿನ ತೊಟ್ಟಿನೇನ್ಲಾ?"

"ಅಲ್ಲ ಕಣತ್ತೆ, ಕಂಪ್ಯೂಟರ್ ಇದ್ರೊಳಗಿರ್ತದೆ."

"ಬಿಸಿ ಆಯ್ತದೆ ಅಂತ ಬಡ್ಕತಿದ್ದಲ್ಲ, ಅದೇಯಾ? ಮತ್ತೆ ಮೂತಿಗೆ ಗಾಜು ಮುಚ್ಚವ್ರೆ, ಗಾಳಿ ಎಲ್ಲಿಂದ ಒಳೀಕ್ ಬತ್ತದೆ?"

"ಪಕ್ಕದಲ್ಲಿ ಸಂದಿ ಅದೆ ಅತ್ತೆ."

"ಸಂದೀಲಿ ಇಲಿ ಬತ್ತದೆ ಕಣ್ಲಾ, ಗಾಳಿ ಬರಾಕಿಲ್ಲ."

ಇವಳಿಗೇನು ಗೊತ್ತು ಎಂದು ಫೋನು ಕಿತ್ತುಕೊಂಡು ಬಂದೆ. ಆದರೆ ಆ ವಾರ ಅವಳನ್ನು ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನನ್ನ ತಲೆಗೆ ಬಂತು. ಆಸ್ಪತ್ರೆ ಮುಗಿಯಿತು, ಹತ್ತಿರದಲ್ಲೇ ಕಂಪ್ಯೂಟರ್ ಅಂಗಡಿ. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಅವಳಿಗೆ ಎದುರಿನದ್ದೆಲ್ಲ ಬರೀ ಮಂಜು. ಒಂದು ಕುರ್ಚಿಯಲ್ಲಿ ಕೂರಿಸಿ ನನ್ನ ಪಾಡಿಗೆ ಗಾಜಿನದನ್ನು ತೆಗೆದುಕೊಂಡು ಬರೋಣ ಎಂದು ನನ್ನ ಎಣಿಕೆ.

ಅವಳು ಕೂರಲಿಲ್ಲ. ಅಂಗಡಿಯಲ್ಲಿ ಎರಡು ಕ್ಯಾಬಿನೆಟ್‌ಗಳು ಅಕ್ಕಪಕ್ಕದಲ್ಲಿ ಚಾಲೂ ಇದ್ದವು. ಒಂದು ನನ್ನ ಗಾಜಿನ ರಾಣಿ. ಇನ್ನೊಂದು ಮುಂಭಾಗಕ್ಕೆ ಕಪ್ಪು ಜಾಲರಿ ಹೊದ್ದ ಬೋಳು ಪೆಟ್ಟಿಗೆ. ಬಾಟಲಿಯ ನೀರಿಗೆ ಸೆರಗು ಅದ್ದಿ, ಕೆನ್ನೆಗೆ ಒತ್ತಿಕೊಂಡು, ಎರಡರ ಹಿಂದೆಯೂ ಬಗ್ಗಿ ಮುಖ ಒಡ್ಡಿದಳು. ಗಿರಾಕಿಗಳೆಲ್ಲ ನೋಡುತ್ತಿದ್ದಾರೆ, ನನಗೆ ನೆಲದೊಳಗೆ ಇಳಿದುಹೋಗಬೇಕು ಎನ್ನಿಸುತ್ತಿದೆ. ಎದ್ದು ನಿಂತು ಜಾಲರಿಯದರ ಮೇಲೆ ಕೈ ಇಟ್ಟಳು.

"ಇದು."

"ಅತ್ತೆ, ನಿಂಗೆ ಕಣ್ಣೇ ಕಾಣ್ತಿಲ್ಲ."

"ನಂಗ್ ಕಾಣ್ದಿದ್ರೆ ಏನಂತೆ, ನಿಂಗ್ ಕಾಣ್ತದಲ್ಲ. ಅಪ್ಪಾ, ದ್ಯಾವ್ರ ಪಟದತ್ರ ಗಂಧದಕಡ್ಡಿ ವಾಸ್ನೆ ಬತ್ತಾ ಅದೆ, ಅದ್ನ ವಸಿ ಕೊಡಪ್ಪ" ಎಂದು ಅಂಗಡಿಯವನನ್ನು ಕೇಳಿದಳು.

ಅವನು ನಗುತ್ತಲೇ ಉರಿಯುವ ಅಗರಬತ್ತಿ ತಂದುಕೊಟ್ಟ. ಗಾಜಿನದರ ಮುಂದೆ ಹಿಡಿದಳು. ಹೊಗೆ ಗಾಜಿಗೆ ತಾಗಿ ಅಡ್ಡಾಡಿ, ಸೋಮಾರಿಯಂತೆ ಮೇಲಕ್ಕೆ ಹೋಯಿತು. ಒಂದೆರಡು ಎಳೆ ಮಾತ್ರ ಸಂದಿ ಹುಡುಕಿಕೊಂಡು ಒಳಗೆ ಹೋದವು. ಜಾಲರಿಯದರ ಮುಂದೆ ಹಿಡಿದಳು. ಅಬ್ಬಾ! ಹೊಗೆಯನ್ನು ಯಾರೋ ದಾರ ಕಟ್ಟಿ ಎಳೆದಂತೆ ಸರ್ರನೆ ಒಳಗೆ ಹೋಯಿತು, ಹಿಂದಿನಿಂದ ಅಷ್ಟೇ ಜೋರಾಗಿ ಹೊರಬಂತು. ನನ್ನ ಮೈ ಜುಮ್ಮೆಂದಿತು. ಯಂತ್ರವೊಂದು ಉಸಿರಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಅಂಗಡಿಯವನು ನಗು ನಿಲ್ಲಿಸಿ, "ಅಮ್ಮಾ, ಇನ್ನೊಂದ್ಸಲ ತೋರ್ಸಿ" ಎಂದು ಫೋನು ತೆಗೆದ.

ಅಷ್ಟಕ್ಕೇ ಬಿಡಲಿಲ್ಲ. ಜಾಲರಿ ಬಿಚ್ಚಿ ತೊಳೆಯಲು ಬರುತ್ತದೆಯೇ ಎಂದು ಬಿಚ್ಚಿಸಿ ನೋಡಿದಳು. ಕಾರ್ಡಿನ ಅಳತೆಗೆ ನಾನು ಕತ್ತರಿಸಿಕೊಂಡು ಹೋಗಿದ್ದ ರಟ್ಟನ್ನು ಒಳಗಿಟ್ಟು, ಮುಂದಿನ ಫ್ಯಾನಿಗೂ ಅದಕ್ಕೂ ನಡುವೆ ಎರಡು ಬೆರಳು ಹೋಗುವುದನ್ನು ಮುಟ್ಟಿ ತಿಳಿದುಕೊಂಡಳು. ಅಂಗಡಿಯವನು ಇನ್ನೂ ದೊಡ್ಡದೊಂದನ್ನು ತೋರಿಸಲು ಹೋದ. "ಬ್ಯಾಡ ಕಣಪ್ಪ, ಈಟು ಸಾಮಾನಿಗೆ ಆಟ್ ದೊಡ್ ಮನೆ ಯಾಕೆ?" ಎಂದಳು.

ಬಸ್ಸಿನಲ್ಲಿ ಅವಳು ಆರಿಸಿದ ಪೆಟ್ಟಿಗೆ ನನ್ನ ತೊಡೆಯ ಮೇಲೆ, ಮುಖ ಮಾತ್ರ ಕಿಟಕಿಯ ಕಡೆ. ಹೊಗೆ ನೋಡಿ ಬುದ್ಧಿ ಒಪ್ಪಿತ್ತು, ಮನಸ್ಸು ಇನ್ನೂ ಆ ಬಣ್ಣದ ದೀಪಗಳ ಹಿಂದೆಯೇ ಇತ್ತು. ತಂಡಕ್ಕೆ ಫೋಟೋ ಕಳಿಸಿದಾಗ ನಾಗಮಂಗಲದವನು "ಕೋಳಿ ಬೋನು ತಂದಿದ್ದೀಯ" ಎಂದು ರೇಗಿಸಿದ. ಆದರೆ ಎಲ್ಲ ಜೋಡಿಸಿ ಮೊದಲ ಸಲ ಗುಂಡಿ ಒತ್ತಿ, ಫ್ಯಾನುಗಳು ಸುಯ್ಯೆಂದು ತಿರುಗಿದಾಗ, ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡಿತ್ತು. ಎರಡು ತಿಂಗಳು ಯಂತ್ರ ಒಂದು ಸಲವೂ ನಿಲ್ಲಲಿಲ್ಲ. ನನ್ನ ಜಾಗ ಭದ್ರವಾಯಿತು.

ಆಮೇಲೆ ನಾನು ಜಾಣನಾಗಲು ಹೋದೆ. ನಮ್ಮೂರಿನಲ್ಲಿ ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ತರಗಿಗೆ ಬೆಂಕಿ ಇಡುತ್ತಾರೆ. ಕಪ್ಪು ಬೂದಿ ಹಾರಿ ಬಂದು ಅನ್ನದ ತಟ್ಟೆಯಲ್ಲೂ ಕೂರುತ್ತದೆ. ಅದು ಒಳಗೆ ಹೋಗದಿರಲಿ ಎಂದು, ಹುಳಿನ ಮನೆಯ ಕಿಟಕಿಗೆ ಹುಳು ಕೊಲ್ಲುವ ಊಜಿ ನೊಣ ಬಾರದಂತೆ ಹೊಡೆಯುವ ನೈಲಾನ್ ಬಲೆಯ ತುಂಡು ತಂದು, ಎರಡು ಪದರ ಮಡಿಸಿ, ಜಾಲರಿಯ ಒಳಮೈಗೆ ಅಂಟಿಸಿದೆ. ಹೊರಗಿನಿಂದ ಕಾಣುತ್ತಿರಲಿಲ್ಲ. ನನ್ನ ಕೈಚಳಕಕ್ಕೆ ನಾನೇ ಬೆನ್ನು ತಟ್ಟಿಕೊಂಡು ಮರೆತೇಬಿಟ್ಟೆ.

ಬಿಸಿಲು ಏರಿತು. ಆಯ್ಕೆಯ ಸುತ್ತಿನ ಹಿಂದಿನ ಸಂಜೆ ಅಭ್ಯಾಸದ ನಡುವೆ ಯಂತ್ರ ಆಫ್. ಮತ್ತೆ ಹಾಕಿದೆ, ಮತ್ತೆ ಆಫ್. ಕಿವಿಯಲ್ಲಿ ನಾಯಕನ ದನಿ: "ನಾಳೆ ಅತ್ತು ಗಂಟೆವರ್ಗೂ ನೋಡ್ತೀನಿ. ಆಮೇಲ್ ನನ್ನ ಬೈಬ್ಯಾಡ."

ಭಾನುವಾರ ಬೆಳಗ್ಗೆ ಡೇರಿ ಮುಗಿಸಿದವನೇ ಹುಳಿನ ಮನೆಗೆ ಓಡಿದೆ. ಅತ್ತೆ ಬಾಗಿಲಲ್ಲೇ ಎದುರಾಗಿ, ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಆ ಬೆಳೆಯ ಹುಳು ಹಣ್ಣಾಗುವ ಹೊತ್ತು. ಹಣ್ಣಾದ ಹುಳು ಸೊಪ್ಪು ಬಿಟ್ಟು ನೂಲು ಬಿಡಲು ಶುರುಮಾಡುತ್ತದೆ, ಅದನ್ನು ಆಗಲೇ ಆರಿಸಿ, ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಕೆಡುತ್ತದೆ. ಆರಿಸಲು ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ.

"ಹಣ್ಣಾದ್ವಾ ಅತ್ತೆ?"

"ನಾಳೆ ಕಣ್ಲಾ. ನಿನ್ ಮೊಕ ಯಾಕಂಗದೆ?"

ಹೇಳಿದೆ. ಬಂದಳು. ಒದ್ದೆ ಕೆನ್ನೆಯನ್ನು ಯಂತ್ರದ ಹಿಂದೆ ಒಡ್ಡಿ, "ಸತ್ತೋಗದೆ, ಗಾಳಿನೇ ಇಲ್ಲ" ಎಂದಳು. ಮುಂದಿನ ಜಾಲರಿ ಬಿಚ್ಚಿದಳು. ಎರಡು ಪದರದ ಬಲೆ, ಅದರ ತುಂಬ ಬೂದಿ ಮೆತ್ತಿ ಕಂಬಳಿಯಾಗಿತ್ತು.

ಬೈಗುಳಕ್ಕೆ ಬೆನ್ನು ಕೊಟ್ಟು ನಿಂತೆ. ಅವಳು ಬಲೆಯನ್ನು ಕೈಯಲ್ಲಿ ಹಿಡಿದು ಮಂಚದ ಮೇಲೆ ಕುಳಿತುಬಿಟ್ಟಳು.

"ನಾನೂ ಇಂಗೇಯ ಮಾಡಿದ್ದೆ ಕಣ್ಲಾ. ನಿಮ್ ಮಾವ ಓದ ಮಾರ್ನೇ ವರ್ಸ. ಅದ್ರ ಇಂದಿನ್ ಬೆಳೇಲಿ ಊಜಿ ಬಿದ್ದಿತ್ತು. ಎದ್ರುಕಂಡು ಕಿಟ್ಕಿಗೆಲ್ಲ ಎರಡೆರಡು ಬಲೆ ಒಡ್ದೆ. ಊಜಿ ಒಂದೂ ಬರ್ಲಿಲ್ಲ. ಮೂರ್ ದಿನಕ್ಕೆ ಹುಳಾನೂ ಒಂದೂ ಉಳೀಲಿಲ್ಲ. ತಿಪ್ಪೆ ಪಕ್ಕ ಗುಂಡಿ ತೋಡಿ ಮುಚ್ದೆ. ಎಲ್ರಿಗೂ ರೋಗ ಬಂತು ಅಂತ ಏಳ್ದೆ."

"ಅಪ್ಪಂಗೂ?"

"ಯಾರ್ಗೂ ಏಳಿಲ್ಲ. ನಾನೇ ಕೊಂದೆ ಅಂತ ಎಂಗ್ಲಾ ಏಳಾದು?"

ಊರಿಗೆಲ್ಲ ಗಾಳಿಯ ಪಾಠ ಹೇಳುತ್ತಿದ್ದವಳು ಆ ಪಾಠ ಕಲಿತದ್ದು ಹೀಗೆ ಎಂದು ಆಗ ಗೊತ್ತಾಯಿತು. ಅವಳು ಆಗಲೇ ಎದ್ದು ಜಾಲರಿ ತೊಳೆಯಲು ಹೋಗಿದ್ದಳು. ಒರೆಸಿ ತಂದು ಕೂರಿಸಿ, "ಈಗ ಆಕು" ಎಂದಳು. ಹಿಂದೆ ಕೈ ಹಿಡಿದೆ, ಗಾಳಿ ರಪ್ಪನೆ ಬಡಿಯಿತು. "ಓಗು, ಆಡ್ಕ" ಎಂದು ಹೊರಟುಹೋದಳು.

ಹನ್ನೊಂದಕ್ಕೆ ಶುರುವಾಯಿತು. ತಗಡಿನ ಮಾಡಿನ ಕೆಳಗೆ ನಾನು ಬೆವರಿ ತೊಪ್ಪೆ, ಯಂತ್ರ ಮಾತ್ರ ತಣ್ಣಗೆ. ಮೊದಲ ಪಂದ್ಯ ಗೆದ್ದೆವು, ಎರಡನೆಯದು ಸೋತೆವು, ಮೂರನೆಯದರಲ್ಲಿ ಕೆ.ಆರ್. ಪೇಟೆಯವನು ಹುಚ್ಚು ಹಿಡಿದವನಂತೆ ಆಡಿದ. ಕೊನೆಯದರಲ್ಲಿ ನಮ್ಮ ಮೂವರೂ ಉರುಳಿ ನಾನೊಬ್ಬನೇ ಉಳಿದೆ. ಎದುರಿಗೆ ಇಬ್ಬರು. ಹಳೆಯ ಯಂತ್ರ ಕೈಕೊಡುತ್ತಿದ್ದದ್ದು ಇಂಥ ಗಳಿಗೆಯಲ್ಲೇ. ಇದು ಕೊಡಲಿಲ್ಲ. ಒಬ್ಬನನ್ನು ಹೊಡೆದೆ, ತಿರುಗಿ ಇನ್ನೊಬ್ಬನನ್ನೂ ಹೊಡೆದೆ! ಮೈಸೂರಿಗೆ ಆಯ್ಕೆಯಾದೆವು. ಕಿವಿಯಲ್ಲಿ ಮೂವರ ಅರಚಾಟ. ನಾಯಕ ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ.

ಬರಿಗಾಲಲ್ಲೇ ಹುಳಿನ ಮನೆಗೆ ಓಡಿದೆ, ಸಂಜೆ ಐದಾಗಿತ್ತು. ಬಾಗಿಲು ತಳ್ಳಿದೆ. ಅತ್ತೆ ನೆಲದಲ್ಲಿ ಕುಳಿತು ಹಣ್ಣುಹುಳು ಆರಿಸುತ್ತಿದ್ದಳು, ಜೊತೆಗೆ ಒಬ್ಬಳೇ ಆಳು ಹೆಂಗಸು. ಚಂದ್ರಿಕೆಗಳು ಅರ್ಧವೂ ತುಂಬಿರಲಿಲ್ಲ. ಸೊಪ್ಪಿನ ಕಡ್ಡಿಗಳ ನಡುವೆ ಎಲ್ಲಿ ನೋಡಿದರೂ ಹುಳುಗಳು ಕಸದಲ್ಲೇ ನೂಲು ಸುತ್ತಿಕೊಂಡಿದ್ದವು.

"ನಾಳೆ ಅಂದೆ ಅತ್ತೆ!"

"ಬೆಳಕರಿಯಾ ಒತ್ಗೇ ಅಣ್ಣಾಗಿದ್ವು ಕಣಣ್ಣ" ಎಂದಳು ಆಳು ಹೆಂಗಸು.

"ಯಾಕತ್ತೆ ಸುಳ್ಳು ಹೇಳ್ದೆ?"

ಅತ್ತೆಯ ಕೈ ನಿಲ್ಲಲಿಲ್ಲ. "ನಿಜ ಏಳಿದ್ರೆ ನೀ ಇಲ್ಲೇ ಕುಂತ್ಕತಿದ್ದೆ. ಹುಳ ಇನ್ನೊಂದ್ ಸಲ ಸಾಕ್ಬೋದು ಬುಡು. ಕೈ ತೊಳ್ಕ ಬಾ. ಗೆದ್ದ್ಯಾ, ಸೋತ್ಯಾ, ಮೊದ್ಲು ಅದ್ನೇಳು."

ಪಕ್ಕದಲ್ಲಿ ಕುಳಿತು, ಆರಿಸುತ್ತ ಆರಿಸುತ್ತ, ಮೊದಲಿಂದ ಕೊನೆಯವರೆಗೂ ಹೇಳಿದೆ. ಆ ಇಬ್ಬರನ್ನು ಹೊಡೆದದ್ದನ್ನು ಎರಡು ಸಲ ಹೇಳಿಸಿದಳು.

ಆ ಬೆಳೆಯಲ್ಲಿ ಅವಳ ಅರ್ಧದಷ್ಟು ಗೂಡು ಕೆಟ್ಟವು. ಆಮೇಲೆ ಮೂರು ಬೆಳೆ ತೆಗೆದಳು. ಮಳೆಗಾಲದಲ್ಲಿ ಒಂದು ವಾರ ಜ್ವರ ಬಂದು ಹೋಗಿಯೇಬಿಟ್ಟಳು. ಹುಳಿನ ಮನೆ ಈಗ ನನ್ನ ಕೈಗೆ ಬಂದಿದೆ. ಹೋದ ತಿಂಗಳು ಒಂದು ಭಾನುವಾರ ಪಂದ್ಯವೂ ಹುಳು ಹಣ್ಣಾಗುವುದೂ ಒಟ್ಟಿಗೇ ಬಂದವು. ಹುಳು ಹಣ್ಣಾಗಿವೆ, ನಾನು ಆಡಲು ಬರುವುದಿಲ್ಲ ಎಂದು ನಾಯಕನಿಗೆ ಫೋನು ಮಾಡಿದೆ. ಬಾಯಿಗೆ ಬಂದಂತೆ ಬೈದು ಫೋನಿಟ್ಟ. ಮಧ್ಯಾಹ್ನದ ಹೊತ್ತಿಗೆ ಹುಳಿನ ಮನೆಯ ಮುಂದೆ ಎರಡು ಬೈಕು ನಿಂತವು. ಗಂಜಾಮಿನವನು, ಪೇಟೆಯವನು, ನಾಗಮಂಗಲದವನು, ಮೂವರೂ ಚಪ್ಪಲಿ ಬಿಟ್ಟು ಒಳಗೆ ಬಂದು, "ಏನ್ ಮಾಡ್ಬೇಕು ಏಳ್ಲಾ" ಎಂದರು. ಹಣ್ಣಾದದ್ದು ಯಾವುದು, ಆಗದ್ದು ಯಾವುದು ಎಂದು ಗೊತ್ತಾಗದೆ ಕೈಗೆ ಸಿಕ್ಕಿದ್ದನ್ನೆಲ್ಲ ಚಂದ್ರಿಕೆಗೆ ಬಿಟ್ಟರು. ಅತ್ತೆ ಇದ್ದಿದ್ದರೆ ನಾಲ್ವರಿಗೂ ಬೈದು, ನಾಳೆ ಹಣ್ಣಾಗ್ತವೆ ಎಂದು ಸುಳ್ಳು ಹೇಳಿ, ಆಡಲು ಓಡಿಸಿಬಿಡುತ್ತಿದ್ದಳು.